ಕಾಂಟೆಸ್ಸಾವನ್ನು ಓಡಿಸುವಂಥ ಮಸಲ್ ಕಾರಾಗಿ ಮಾಡುವುದು ಹೇಗೆ: ಅಂಗಡಿಯಲ್ಲಿ ಸಿಗುವ ಸಾಮಾನಿನಲ್ಲೇ

ಮಸಲ್ ಕಾರು, ಅಂದರೆ ಸಾಧಾರಣ ಗಾತ್ರದ ಮೈಗೆ ದೊಡ್ಡ ಎಂಜಿನ್ ಕೂರಿಸಿದ ಜೋರಿನ ಕಾರು, ಹುಟ್ಟಿದ್ದೇ ರೆಡಿ ಸಾಮಾನಿನಿಂದ. 1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿಯವರು ತಮ್ಮ ದೊಡ್ಡ ಕಾರುಗಳಿಗೆ ಹಾಕುತ್ತಿದ್ದ 389 ಕ್ಯೂಬಿಕ್ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್, ಅಂದರೆ ಸುಮಾರು 6.4 ಲೀಟರಿನದ್ದು, ಅದನ್ನು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿನೊಳಗೆ ಕೂರಿಸಿ ಜಿಟಿಓ ಅಂತ ಮಾರಿದರು. ಎಂಜಿನ್ ಇದ್ದದ್ದೇ, ಬಾಡಿ ಇದ್ದದ್ದೇ, ಜೋಡಿ ಮಾತ್ರ ಹೊಸದು. ಇವತ್ತಿಗೂ ಅಲ್ಲಿನವರು ಕ್ಯಾಟಲಾಗ್ ನೋಡಿ ಬ್ರೇಕು, ಸ್ಪ್ರಿಂಗು, ಗೇರ್‌ಬಾಕ್ಸು ತರಿಸಿ ಹಳೇ ಕಾರಿಗೆ ಬೋಲ್ಟ್ ಬಿಗಿದು ಓಡಿಸುತ್ತಾರೆ. ನಮಗೆ ಆ ಕ್ಯಾಟಲಾಗ್ ಇಲ್ಲ. ಹುಬ್ಬಳ್ಳಿಯಲ್ಲಿ ಕೂತು ಕಾರು ಕಟ್ಟುವವರಿಗೆ ಇರುವುದು ಸ್ಪೇರ್ ಪಾರ್ಟ್ಸ್ ಅಂಗಡಿಗಳು, ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟಿನ ಲೇತ್ ಮಷಿನ್‌ಗಳು, ಕೊರಿಯರ್, ಮತ್ತೆ ಸೂಕ್ಷ್ಮವಾಗಿ ಅಳೆಯಲು ಕೈಯಲ್ಲೊಂದು ವರ್ನಿಯರ್ ಕ್ಯಾಲಿಪರ್. ಅಷ್ಟು ಸಾಕು.

ಯಾವ ಗಾಡಿ? ಉದ್ದ ಬಾನೆಟ್, ಹಿಂದಿನ ಗಾಲಿಗೆ ಎಳೆತ, ಅಗಲವಾದ ಮೈಕಟ್ಟು, ಈ ಮೂರೂ ಇರುವ ದೇಸಿ ಕಾರು ಅಂದರೆ ಕಾಂಟೆಸ್ಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ಹಳೇ ಮಾಡೆಲ್ಲನ್ನು ತಂದು ಹಿಂದೂಸ್ತಾನ್ ಮೋಟರ್ಸ್‌ನವರು 1984ರಿಂದ 2002ರವರೆಗೆ ಇದನ್ನು ಮಾಡಿದರು. ಮೊದಲ ಗಾಡಿಗಳಲ್ಲಿ ಇದ್ದದ್ದು ಅಂಬಾಸಡರಿನ 1489 ಸಿಸಿ ಎಂಜಿನ್. ಆ ಭಾರದ ಮೈಗೆ ಸುಮಾರು 50 ಅಶ್ವಶಕ್ತಿ, ಪಾಪ. ಆಮೇಲೆ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರು ಬಂತು. ಕೊಳ್ಳುವಾಗ ಆರ್‌ಸಿಯಲ್ಲಿ 1817 ಸಿಸಿ ಅಂತ ಇರುವ ಗಾಡಿಯನ್ನೇ ಹುಡುಕಿ. ಇದೇ ಜಾತಿಯ ಎಂಜಿನ್ ಅಂಬಾಸಡರ್ 1800 ಐಎಸ್‌ಝಡ್‌ಗೂ ಬಂದಿತ್ತು, ಹಾಗಾಗಿ ಗ್ಯಾಸ್ಕೆಟ್ಟು, ಬೇರಿಂಗು, ವಾಲ್ವು ಹುಡುಕುವಾಗ ಎರಡು ಕಾರಿನ ಹೆಸರು ಹೇಳಿ ಕೇಳಬಹುದು.

ಈಗ ಎಲ್ಲರೂ ಮೊದಲು ಕೇಳುವ ಪ್ರಶ್ನೆ: ಎಂಜಿನ್ ಯಾವುದು ಹಾಕಲಿ? ನನ್ನ ಉತ್ತರ, ಯಾವುದೂ ಬೇಡ, ಇರುವುದನ್ನೇ ಸರಿ ಮಾಡಿ, ಅದೂ ಕೊನೆಗೆ. ಮೊದಲು ನಿಲ್ಲಬೇಕು, ಆಮೇಲೆ ತಿರುಗಬೇಕು, ಆಮೇಲೆ ಓಡಬೇಕು. ದುಡ್ಡನ್ನೂ ಅದೇ ಸಾಲಿನಲ್ಲಿ ಖರ್ಚು ಮಾಡಿ. ಎಂಜಿನ್‌ಗೆ ದುಡ್ಡು ಸುರಿದು ಬ್ರೇಕಿಗೆ ಬಂದಾಗ ಜೇಬು ಖಾಲಿಯಾದ ಗಾಡಿಗಳು ನಮ್ಮ ಗ್ಯಾರೇಜುಗಳ ಹಿಂದೆ ಬೇಕಾದಷ್ಟು ನಿಂತಿವೆ.

ಕಾಗದ

ಇದು ಬೇಜಾರಿನ ಕೆಲಸ, ಬೇಗ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು ಅಂತ ಸೇರಿತು. ಬೇರೆ ಕಂಪನಿಯ ದೊಡ್ಡ ಎಂಜಿನ್ ಕೂರಿಸುವ ಆಸೆಯನ್ನು ಇಲ್ಲೇ ಬಿಡಿ. ಅದೇ ಜಾತಿಯ ಎಂಜಿನ್ ಬದಲಿಸುವುದಾದರೂ ಆರ್‌ಟಿಓ ಕಚೇರಿಯಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ. ಬಣ್ಣ ಬದಲಿಸಿದರೂ ಬರೆಸಬೇಕು. ಈ ಗಾಡಿಗಳಿಗೆಲ್ಲ ಈಗ 20 ವರ್ಷ ದಾಟಿದೆ, 15 ವರ್ಷದ ನಂತರ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಿರಬೇಕು. ಕೆಎ-25 ಇರಲಿ ಕೆಎ-63 ಇರಲಿ, ಅಡ್ವಾನ್ಸ್ ಕೊಡುವ ಮುಂಚೆ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿ, ಚಾಸಿ ನಂಬರನ್ನು ಗಾಡಿಯ ಮೇಲೆ ಕಣ್ಣಾರೆ ಓದಿ. ಮಾಡಿಸಿದ್ದನ್ನು ವಿಮೆಯವರಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಬಂದಾಗ ತಕರಾರು ತೆಗೆಯುತ್ತಾರೆ.

ಬಾಡಿ

ಇದು ಲಾರಿಯಂತೆ ಚಾಸಿ ಮೇಲೆ ಬಾಡಿ ಇಟ್ಟ ಗಾಡಿ ಅಲ್ಲ. ಬಾಡಿಯೇ ಚಾಸಿ. ಅಂದಮೇಲೆ ಜಂಗು ಹಿಡಿದರೆ ಗಾಡಿಯ ಬೆನ್ನುಮೂಳೆಯೇ ಸವೆದಂತೆ. ಒಂದು ಸಣ್ಣ ಅಯಸ್ಕಾಂತ ಮತ್ತೊಂದು ಸ್ಕ್ರೂ ಡ್ರೈವರ್ ಹಿಡಿದು ಹೋಗಿ. ಅಯಸ್ಕಾಂತ ಕಚ್ಚದ ಕಡೆ ಒಳಗಿರುವುದು ತಗಡಲ್ಲ, ಪುಟ್ಟಿ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ಮ್ಯಾಟಿನ ಕೆಳಗೆ, ಜಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಸಸ್ಪೆನ್ಷನ್ ಬೋಲ್ಟುಗಳು ಬಾಡಿಗೆ ಸೇರುವ ಜಾಗ, ಇವನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಿ. ಬಾಗಿಲು, ಬಾನೆಟ್ ಕೊಳೆತಿದ್ದರೆ ಚಿಂತೆಯಿಲ್ಲ. ಸಸ್ಪೆನ್ಷನ್ ಸೇರುವ ಜಾಗ ಕೊಳೆತಿದ್ದರೆ ರೇಟು ಎಷ್ಟೇ ಕಡಿಮೆ ಹೇಳಲಿ, ಎದ್ದು ಬನ್ನಿ. ತಗಡಿನ ಕೆಲಸಕ್ಕೆ ಗ್ಯಾಸ್ ವೆಲ್ಡಿಂಗ್ ಬೇಡ, ಸಿಓಟು ವೆಲ್ಡಿಂಗ್ ಮಾಡುವವರನ್ನೇ ಹಿಡಿಯಿರಿ. ಬಿಸಿ ಕಡಿಮೆ ಹರಡುತ್ತದೆ, ತಗಡು ಸೊಟ್ಟಾಗುವುದಿಲ್ಲ. ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಬಿಚ್ಚಿಡಿ.

ಬ್ರೇಕ್

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಪೆಡಲ್ ಮೆತ್ತಗಾಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಿನ್ನಬೇಕಾದ ಬಿಸಿ ನಾಲ್ಕು ಪಟ್ಟು. ಪೆಡಲ್ ಮೆತ್ತಗಾಗುವುದು ಮುಖ್ಯವಾಗಿ ಆಯಿಲ್ ಕುದ್ದಾಗ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡಾಟ್ 4ರಲ್ಲಿ ಈ ಲೆಕ್ಕ 230 ಮತ್ತು 155. ಹಾಗಾಗಿ ಮೊದಲ ಅಪ್‌ಗ್ರೇಡ್ ಅಂದರೆ ಸೀಲ್ ಒಡೆಯದ ಹೊಸ ಡಾಟ್ 4 ಡಬ್ಬಿ. ಅಂಗಡಿಯವರ ಹತ್ತಿರ ಅರ್ಧ ಉಳಿದ ಡಬ್ಬಿ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಡಾಟ್ 5 ಅಂತ ಬರೆದದ್ದು ಸಿಲಿಕೋನ್, ಅದನ್ನು ಇದಕ್ಕೆ ಬೆರೆಸಬೇಡಿ.

ಆಮೇಲೆ ರಬ್ಬರ್ ಹೋಸ್‌ಗಳು. 20 ವರ್ಷದ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿರುತ್ತದೆ. ಹಳೆಯದನ್ನು ಬಿಚ್ಚಿ ಎರಡೂ ತುದಿಯ ಥ್ರೆಡ್ ಅಳತೆ ತೆಗೆದುಕೊಂಡು ಹೋದರೆ ಅದೇ ಉದ್ದದ ಸ್ಟೀಲ್ ಜಾಲರಿ ಹೋಸ್ ಮಾಡಿಕೊಡುವವರು ಸಿಗುತ್ತಾರೆ. ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಹೋಸ್ ಎಲ್ಲಾದರೂ ಜಗ್ಗುತ್ತದಾ, ಟೈರಿಗೆ ತಾಗುತ್ತದಾ ಅಂತ ನೋಡಲೇಬೇಕು.

ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಸಿಲಿಂಡರ್, ಬದಲಿಸುವಾಗ "ದೊಡ್ಡದು ಹಾಕಿದರೆ ಬ್ರೇಕ್ ಜಾಸ್ತಿ" ಅಂತ ಮಿಸ್ತ್ರಿ ಹೇಳಬಹುದು. ಉಲ್ಟಾ. ಮುಕ್ಕಾಲು ಇಂಚಿನ ಬೋರ್ ತೆಗೆದು 7/8 ಇಂಚಿನದ್ದು ಹಾಕಿದರೆ ಪೆಡಲ್ ಗಟ್ಟಿ ಅನಿಸುತ್ತದೆ ನಿಜ, ಆದರೆ ಅದೇ ಬ್ರೇಕಿಗೆ ಕಾಲು ಸುಮಾರು 36 ಪರ್ಸೆಂಟ್ ಜಾಸ್ತಿ ಒತ್ತಬೇಕು. ಮೂಲ ಅಳತೆಯದ್ದೇ ಹಾಕಿ. ಬ್ರೇಕ್ ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಗಾಲಿಯಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಹೊಸ ಪ್ಯಾಡ್ ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟ್ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣ್ಣಗಾಗಲು ಬಿಡಿ. ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ ಎಲ್ಲ ಇಷ್ಟಾದ ಮೇಲೂ ಸಾಲದು ಅನಿಸಿದರೆ ಮಾತ್ರ. ಸಾಮಾನ್ಯವಾಗಿ ಸಾಲುತ್ತದೆ.

ಗಾಲಿ ಮತ್ತು ಟೈರು

ರಸ್ತೆ ಮುಟ್ಟುವುದು ಟೈರ್ ಒಂದೇ, ಇಲ್ಲಿ ಕಂಜೂಸಿ ಮಾಡಬೇಡಿ. ಅಲಾಯ್ ಗಾಲಿ ಕೊಳ್ಳಲು ಹೋಗುವ ಮುಂಚೆ ಪಿಸಿಡಿ, ಅಂದರೆ ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಅಳೆಯಿರಿ. ನಾಲ್ಕು ಬೋಲ್ಟಿನ ಗಾಲಿಯಾದರೆ ಎದುರುಬದುರು ಬೋಲ್ಟುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಇರುವ ದೂರವೇ ಪಿಸಿಡಿ. ಐದು ಬೋಲ್ಟಿನದ್ದಕ್ಕೆ ಎದುರು ಬೋಲ್ಟೇ ಇರಲ್ಲವಲ್ಲ, ಅದಕ್ಕೆ ಪಕ್ಕಪಕ್ಕದ ಎರಡು ಬೋಲ್ಟುಗಳ ಒಳ ಅಂಚಿನಿಂದ ಒಳ ಅಂಚಿಗೆ ವರ್ನಿಯರ್ ಇಟ್ಟು ಅಳೆಯಿರಿ, ಅದಕ್ಕೆ ಒಂದು ಬೋಲ್ಟಿನ ದಪ್ಪ ಕೂಡಿಸಿ, ಬಂದದ್ದನ್ನು 1.7ರಿಂದ ಗುಣಿಸಿ. ಕೂಡಿಸಿದಾಗ 67.2 ಮಿಲಿಮೀಟರ್ ಬಂದರೆ ಪಿಸಿಡಿ 114.3. 58.8 ಬಂದರೆ 100. ಅಂಗಡಿಯವನು 112ರ ಗಾಲಿಯನ್ನು 114.3ರ ಹಬ್ಬಿಗೆ "ಅಡ್ಜಸ್ಟ್ ಆಗುತ್ತದೆ ಅಣ್ಣಾ" ಅಂತ ಬಿಗಿದು ತೋರಿಸಬಹುದು. ನಟ್ ಕೂತ ಹಾಗೆ ಕಾಣುತ್ತದೆ, ಆದರೆ ಓರೆಯಾಗಿ ಕೂತಿರುತ್ತದೆ. ಓಡುತ್ತಾ ಸಡಿಲಾಗುತ್ತದೆ. ನಡುವಿನ ತೂತು ಹಬ್ಬಿಗಿಂತ ದೊಡ್ಡದಿದ್ದರೆ ರಿಂಗ್ ಹಾಕಿಸಿ. ನಟ್ಟಿನ ಮೂತಿ ಕೋನಾಕಾರವೋ ಗುಂಡಗೋ ನೋಡಿ, ಗಾಲಿಯ ಕುಳಿಗೆ ಅದು ಹೊಂದಬೇಕು. ಸ್ಪೇಸರ್ ಹಾಕಿ ಗಾಲಿ ಹೊರಗೆ ತರುವುದು ಫೋಟೋಕ್ಕೆ ಚೆಂದ, ಬೇರಿಂಗಿಗೆ ಅಲ್ಲ.

ಟೈರಿನ ಎತ್ತರ ಬದಲಾಗಬಾರದು, ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಗೇರಿನ ಲೆಕ್ಕವೂ ತಪ್ಪುತ್ತದೆ. ಉದಾಹರಣೆಗೆ 185/70 ಆರ್14 ಟೈರಿನ ಎತ್ತರ ಸುಮಾರು 615 ಮಿಲಿಮೀಟರ್. 195/60 ಆರ್15 ಕೂಡ 615. ಅಂದರೆ ರಿಮ್ ಒಂದು ಇಂಚು ದೊಡ್ಡದಾಯಿತು, ಟೈರಿನ ಪಕ್ಕ ಕುಳ್ಳಾಯಿತು, ಒಟ್ಟು ಎತ್ತರ ಅಷ್ಟೇ. 15 ಇಂಚು ಸಾಕು ಅನ್ನುವುದು ನನ್ನ ಅಭಿಪ್ರಾಯ. 17 ಇಂಚು ಹಾಕಿ ಗದಗ ಕಡೆಯ ಹಳ್ಳಿ ರಸ್ತೆಗೆ ಇಳಿದರೆ ಮೊದಲ ಗುಂಡಿಗೇ ರಿಮ್ ಬಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಸೈಜು ಅಪರೂಪದ್ದಾದರೆ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರ್ ಕೊಡುತ್ತಾರೆ, ಅದಕ್ಕೇ ಓದಿ ನೋಡಿ. ವೇಗದ ಅಕ್ಷರ ಎಚ್ ಇದ್ದರೆ 210, ವಿ ಇದ್ದರೆ 240 ಕಿಲೋಮೀಟರ್. ಎಚ್ ಸಾಕು.

ಸಸ್ಪೆನ್ಷನ್

ಸ್ಪ್ರಿಂಗ್ ಕಟ್ ಮಾಡಿಸಬೇಡಿ. ಗ್ಯಾಸ್ ಕಟ್ಟರಿನ ಬಿಸಿಗೆ ಸ್ಪ್ರಿಂಗಿನ ಹದ ಹೋಗುತ್ತದೆ, ಗಾಲಿ ಪೂರ್ತಿ ಇಳಿದಾಗ ಸ್ಪ್ರಿಂಗ್ ತನ್ನ ಜಾಗದಿಂದ ಜಾರುತ್ತದೆ. ಗಾಡಿ ಕುಳ್ಳಗಾದ ಮಾತ್ರಕ್ಕೆ ತಿರುವಿನಲ್ಲಿ ಚೆನ್ನಾಗಿ ಹೋಗುವುದೂ ಇಲ್ಲ.

ಕೆಲಸ ಬುಷ್‌ಗಳಿಂದ, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳಿಂದ, ಶುರುವಾಗಲಿ. ಮುಂದಿನ ಆರ್ಮುಗಳ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಹಿಂದಿನ ಆಕ್ಸಲ್ ಹಿಡಿಯುವ ಆರ್ಮುಗಳ ಬುಷ್. ಆರ್ಮ್ ಬಿಚ್ಚಿ ಪ್ರೆಸ್ ಇರುವ ಕಡೆ ಒಯ್ಯಿರಿ, ಸುತ್ತಿಗೆಯಿಂದ ಹೊಡೆದು ಕೂರಿಸಿದ ಬುಷ್ ಅಂಚಿನಲ್ಲಿ ಹರಿದಿರುತ್ತದೆ. ಇನ್ನೊಂದು ಮಾತು, ಬಹಳ ಮಿಸ್ತ್ರಿಗಳು ಗಾಡಿ ಜಾಕ್ ಮೇಲೆ ಇರುವಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿದುಬಿಡುತ್ತಾರೆ. ಗಾಲಿ ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲು ಹಾಕಿ, ಗಾಡಿ ಇಳಿಸಿ, ತನ್ನ ಭಾರದ ಮೇಲೆ ಕೂತ ನಂತರ ಬಿಗಿಯಿರಿ. ಈ ಒಂದು ಕೆಲಸವನ್ನು ನೀವೇ ಮುಂದೆ ನಿಂತು ಮಾಡಿಸಿ. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್, ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಮುಂದಿನ ಆಂಟಿ-ರೋಲ್ ಬಾರಿಗೆ ಚೆನ್ನ. ಹಿಂದಿನ ಆಕ್ಸಲ್ ಆರ್ಮುಗಳಿಗೆ ಹೊಸ ರಬ್ಬರೇ ಇರಲಿ, ಅಲ್ಲಿ ಸ್ವಲ್ಪ ತಿರುಚಲು ಜಾಗ ಬೇಕು.

ಶಾಕ್ ಅಬ್ಸಾರ್ಬರ್ ಕಾಂಟೆಸ್ಸಾದ್ದೇ ಸಿಗದಿದ್ದರೆ ಗಾಬರಿ ಬೇಡ. ಹಳೆಯದನ್ನು ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಮೇಲೆ-ಕೆಳಗೆ ಕಣ್ಣು ಇದೆಯೋ ಬೋಲ್ಟ್ ಕಡ್ಡಿ ಇದೆಯೋ, ಕಣ್ಣಿನ ತೂತಿನ ಅಳತೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ದೊಡ್ಡ ಪಾರ್ಟ್ಸ್ ಅಂಗಡಿಗೆ ಹೋಗಿ. ಜೀಪು, ವ್ಯಾನುಗಳ ಶಾಕ್ ಸಾಲಾಗಿ ಇಟ್ಟು ಅಳೆಯಲು ಬಿಡುವ ಅಂಗಡಿಯೇ ಒಳ್ಳೆಯ ಅಂಗಡಿ. ಆದರೆ ಭಾರದ ಗಾಡಿಯ ಶಾಕ್ ಹಗುರ ಗಾಡಿಗೆ ತೀರಾ ಬಿಗಿಯಾಗುತ್ತದೆ, ಟೈರ್ ನೆಲ ಬಿಟ್ಟು ಕುಣಿಯುತ್ತದೆ. ಸ್ಪ್ರಿಂಗ್ ಮಾಡಿಸುವವರು ಇದನ್ನು ನೆನಪಿಡಿ: ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಅಷ್ಟೇ ಇಟ್ಟು ತಂತಿಯನ್ನು 12 ಮಿಲಿಮೀಟರಿನಿಂದ 13ಕ್ಕೆ ಏರಿಸಿದರೆ ಬಿಗುವು ಸುಮಾರು 38 ಪರ್ಸೆಂಟ್ ಜಾಸ್ತಿ. ಒಂದು ಮಿಲಿಮೀಟರ್ ತಾನೇ ಅನ್ನಬೇಡಿ.

ಅಲೈನ್‌ಮೆಂಟ್ ಕೊನೆಗೆ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದಷ್ಟು ಜೋಳದ ಚೀಲ ಇಟ್ಟು ಮಾಡಿಸಿ, ಅಂಗಡಿಯವರು ನಗಲಿ ಪರವಾಗಿಲ್ಲ. ಮುಂದಿನ ಗಾಲಿಗೆ ಮೈನಸ್ 1ರಿಂದ 1.5 ಡಿಗ್ರಿ ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೆ ವಾಲುವಿಕೆ), ಟೋ (ಗಾಲಿಗಳ ಮುಂದಂಚು ಒಳಗೆ-ಹೊರಗೆ ತಿರುಗಿರುವುದು) ಸೊನ್ನೆ ಅಥವಾ ಕೂದಲೆಳೆಯಷ್ಟು ಒಳಗೆ. ಎರಡೂ ಕಡೆ ಒಂದೇ ಅಳತೆ ಬರಬೇಕು. ಪ್ರಿಂಟ್ ಇಸಿದುಕೊಳ್ಳಿ.

ಕೂಲಿಂಗ್

ಏಪ್ರಿಲ್ ಬಿಸಿಲಿನಲ್ಲಿ ಚೆನ್ನಮ್ಮ ವೃತ್ತದ ಟ್ರಾಫಿಕ್ಕಿನಲ್ಲಿ ನಿಂತರೂ ಸೂಜಿ ಏರಬಾರದು. ನಮ್ಮ ಕಡೆ ರೇಡಿಯೇಟರಿನ ಶತ್ರು ಬೋರ್ ನೀರು. ಗಡಸು ನೀರಿನ ಬಿಳಿ ಕಲ್ಲು ಒಳಗೆ ಕಟ್ಟಿರುತ್ತದೆ, ಕೆಳಗಿನ ಹೋಸ್ ಬಿಚ್ಚಿದರೆ ಚಹಾದ ಬಣ್ಣದ ನೀರು ಬರುತ್ತದೆ. ತಾಮ್ರ-ಹಿತ್ತಾಳೆಯ ರೇಡಿಯೇಟರಾದರೆ ಕೋರ್ ಬದಲಿಸಿಕೊಡುವವರು ಇನ್ನೂ ಇದ್ದಾರೆ, ಒಂದು ಸಾಲು ಜಾಸ್ತಿ ಹಾಕಿಸಿ. ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಎಲೆಕ್ಟ್ರಿಕ್ ಫ್ಯಾನ್ ಯಾವುದೇ ಕಾರಿನದ್ದು ಹಾಕಬಹುದು, ಆದರೆ ಗಾಳಿ ಪಕ್ಕಕ್ಕೆ ಸೋರದಂತೆ ಸುತ್ತ ತಗಡಿನ ಶ್ರೌಡ್ ಇರಲಿ, ರಿಲೇ ಮತ್ತು ಫ್ಯೂಸ್ ಇಲ್ಲದೆ ನೇರ ಸ್ವಿಚ್ಚಿಗೆ ಕೊಡಬೇಡಿ. "ಥರ್ಮೋಸ್ಟಾಟ್ ತೆಗೆದುಬಿಡಿ, ತಣ್ಣಗಿರುತ್ತದೆ" ಅನ್ನುವ ಸಲಹೆ ಎಲ್ಲಾ ಗ್ಯಾರೇಜಿನಲ್ಲೂ ಸಿಗುತ್ತದೆ. ತೆಗೆದರೆ ಎಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸದು ಹಾಕಿ.

ಈಗ ಎಂಜಿನ್

ಮೊದಲು ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಲಿ, ಎಲ್ಲಾ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲಿನ ವೈರ್ ಕಳಚಿಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ನಾಲ್ಕು ಸಿಲಿಂಡರಿನ ನಡುವೆ 10 ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಇದು ತಿಳಿಯದೆ ಕಾರ್ಬುರೇಟರಿಗೆ ಕೈ ಹಾಕುವುದು ವ್ಯರ್ಥ.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಈ ಗಾಡಿ ಮಾಡಿದ ಕಾಲದಲ್ಲಿ ಅದು ಯಾರ ತಲೆಯಲ್ಲೂ ಇರಲಿಲ್ಲ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬುರೇಟರಿನ ಸೀಲು ಮೆತ್ತಗಾಗಿ ಒಡೆಯುತ್ತವೆ, ಟ್ಯಾಂಕಿನ ತಳದ ಕೆಸರು ಎದ್ದು ಜೆಟ್ಟಿಗೆ, ಅಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿಗೆ, ಬರುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಎಥನಾಲ್ ತಡೆಯುವ ಫ್ಯುಯಲ್ ಹೋಸ್ ಪೂರ್ತಿ ಹೊಸದಾಗಿ ಎಳೆಯಿರಿ, ಹೊಸ ಫಿಲ್ಟರ್ ಹಾಕಿ. ಎಥನಾಲ್ ಬೆರೆತಾಗ ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ, ಹಾಗಾಗಿ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ. ತಿಳಿ ಕಂದು ಸರಿ, ಬೆಳ್ಳಗಿದ್ದರೆ ತೆಳು, ಕಪ್ಪು ಮಸಿ ಇದ್ದರೆ ದಪ್ಪ.

ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್ ಆದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿ, ಕೊಟ್ಟ ದುಡ್ಡಿಗೆ ಇದರಷ್ಟು ಫಲ ಬೇರೆ ಯಾವ ಪಾರ್ಟೂ ಕೊಡಲ್ಲ. ಟೈಮಿಂಗನ್ನು ಲೈಟ್ ಹಿಡಿದು ಇಡಿ, ಕಿವಿಯಿಂದ ಅಲ್ಲ. ವಾಲ್ವ್ ಗ್ಯಾಪ್ ಸರಿ ಮಾಡಿ. ಎಕ್ಸಾಸ್ಟ್ ಹೆಡರ್ (ಎಂಜಿನ್‌ನಿಂದ ಹೊಗೆ ಹೊರಡುವ ಪೈಪುಗಳು) ಮಾಡಿಸಬಹುದು, ಸೈಲೆನ್ಸರ್ ಮಾತ್ರ ತೆಗೆಯಬೇಡಿ, ಸದ್ದಿಗೂ ಓಟಕ್ಕೂ ಸಂಬಂಧ ಇಲ್ಲ. ಬಾಯಿ ತೆರೆದ ಏರ್ ಫಿಲ್ಟರ್ ಹಾಕಿಕೊಂಡು ನವಲಗುಂದ ಕಡೆಯ ಎರೆಮಣ್ಣಿನ ಧೂಳಿಗೆ ಹೋದರೆ ರಿಂಗ್ ಕೆಲಸ ಮತ್ತೆ ಮಾಡಿಸಬೇಕಾಗುತ್ತದೆ. ಇಷ್ಟು ಮಾಡಿದರೆ ಮೂಲತಃ ಕಂಪನಿ ಕೊಟ್ಟ ಶಕ್ತಿ ವಾಪಸ್ ಬರುತ್ತದೆ, ಅದರ ಮೇಲೆ ಸ್ವಲ್ಪ. ವಿ8 ಆಗಲ್ಲ. ಆದರೆ ನಿಲ್ಲುವ, ತಿರುಗುವ ಗಾಡಿಯಲ್ಲಿ ಅಷ್ಟೇ ಶಕ್ತಿ ಬೇರೆಯೇ ಥರ ಅನಿಸುತ್ತದೆ, ಓಡಿಸಿ ನೋಡಿ.

ಒಳಗೆ ಒಳ್ಳೆಯ ಸೀಟ್, ಹೊಸ ಸೀಟ್ ಬೆಲ್ಟ್, ಅಲ್ಲಾಡದ ಬ್ಯಾಟರಿ ಕ್ಲಾಂಪ್, ಕೈಗೆ ಸಿಗುವ ಹಾಗೆ ಬೆಂಕಿ ಆರಿಸುವ ಸಿಲಿಂಡರ್. ಸ್ಪೀಕರ್ ಆಮೇಲೆ.

ಓಡಿಸುವುದು

ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಬೇಡ. ಲಾರಿ, ಎತ್ತಿನಗಾಡಿ, ಬೈಕು, ಅದು ಯಾರ ಟ್ರ್ಯಾಕೂ ಅಲ್ಲ. ಆಸೆ ಇದ್ದವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಟ್ರ್ಯಾಕ್ ಡೇ ಯಾವಾಗ ಅಂತ ವಿಚಾರಿಸಿ ಹೋಗಿ. ಹೋಗುವ ಮುಂಚೆ ಊರಲ್ಲೇ ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಎಲ್ಲಾ ನಟ್ ಇನ್ನೊಮ್ಮೆ ಬಿಗಿಯಿರಿ.

ಟ್ರ್ಯಾಕಿನಲ್ಲಿ ಒಂದು ಬಿಳಿ ಸೀಮೆಸುಣ್ಣ ಜೇಬಿನಲ್ಲಿರಲಿ. ಟೈರಿನ ಅಂಚಿನಲ್ಲಿ, ನೆಲ ಮುಟ್ಟುವ ಭಾಗ ಮುಗಿದು ಪಕ್ಕ ಶುರುವಾಗುವ ಕಡೆ, ಅಡ್ಡಗೆರೆ ಎಳೆಯಿರಿ. ಕೆಲವು ಸುತ್ತು ಓಡಿಸಿ ಬಂದು ನೋಡಿ. ಗೆರೆ ಪಕ್ಕದವರೆಗೆ ಅಳಿಸಿದ್ದರೆ ಗಾಳಿ ಕಡಿಮೆಯಿದೆ, ಟೈರ್ ಮಗುಚುತ್ತಿದೆ. ಅಂಚಿನ ಗೆರೆ ಹಾಗೇ ಉಳಿದಿದ್ದರೆ ಗಾಳಿ ಜಾಸ್ತಿ. ಒಂದೆರಡು ಪಿಎಸ್‌ಐ ಅಷ್ಟೇ ಬದಲಿಸಿ ಮತ್ತೆ ಹೋಗಿ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಬ್ರೇಕ್ ಹಾಗೇ ಹಿಡಿದುಕೊಳ್ಳಬಹುದು. ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ.